ಪದ ಪರಿಚಯ: ಬತ್ತು

ಈ ಬೇಸಿಗೆಯಲ್ಲಿ ಮೂರನೇ ಸಲ ಅದೇ ತಲೆಬರಹ ಕಣ್ಣಿಗೆ ಬಿತ್ತು: ‘ಬತ್ತಿ ಸತ್ತ ಕೆರೆ’. ಕೆಳಗೆ ಮದ್ದೂರು ಕಡೆಯ ಒಂದು ಕೆರೆಯಂಗಳದ ಚಿತ್ರ, ಬಿರುಕು ಬಿಟ್ಟ ಗೋಡು, ಅಂದರೆ ಕೆರೆಯ ಹೂಳುಮಣ್ಣು. ಬತ್ತಿರುವುದು ಕಾಣುತ್ತಿದೆ. ಸತ್ತಿದೆ ಅಂತ ಹೇಳಿದವರು ಯಾರು?

ಬತ್ತು ಅಚ್ಚಗನ್ನಡದ ಮಾತು. ತಮಿಳಿನಲ್ಲಿ ಇದರ ಒಡಹುಟ್ಟು ‘ವಱ್ಱು’ (ಱ ಅಂದರೆ ಈಗ ನಮ್ಮಲ್ಲಿ ಬಳಕೆ ತಪ್ಪಿದ ಗಡಸು ರ). ಅವರ ವೇರು ನಮಗೆ ಬೇರು, ಅವರ ವೀಡು ನಮಗೆ ಬೀಡು. ಅಲ್ಲಿ ವ ಇದ್ದ ಕಡೆ ಇಲ್ಲಿ ಬ. ಅವರ ‘ಪಱ್ಱು’ ಹಳಗನ್ನಡದಲ್ಲಿ ‘ಪತ್ತು’, ಈಗ ‘ಹತ್ತು’, ಅಂದರೆ ಅಂಟು. ಹಾಗಾಗಿ ಬತ್ತಿನ ‘ತ್ತು’ ಕೂಡ ಲೆಕ್ಕಕ್ಕೆ ಸರಿಹೋಗುತ್ತದೆ. ಬಟ್ಟೆ ಒಣಗುತ್ತದೆ, ಅನ್ನ ಆರುತ್ತದೆ, ಮಳೆನೀರು ಇಂಗುತ್ತದೆ. ಬತ್ತುವುದು ಬಾವಿ, ತೊರೆ, ಕೆರೆ, ಕೆಚ್ಚಲು: ಮತ್ತೆ ತುಂಬಬಲ್ಲಂಥವು. ಗಬ್ಬದ ಹಸು ಕರು ಹಾಕಲು ಎರಡು ತಿಂಗಳಿದೆ ಅನ್ನುವಾಗ ಹಾಲು ಬತ್ತಿಸುತ್ತಾರೆ. ಬತ್ತಿಸದೆ ಕರೆಯುತ್ತಲೇ ಹೋದರೆ ಮುಂದಿನ ಸೂಲಿಗೆ ಹಾಲು ಕಮ್ಮಿ. ಡೇರಿಗೆ ಹಾಲು ಹಾಕುವ ಮಂಡ್ಯದ ಯಾವ ಮನೆಯವರೂ ಬತ್ತಿದ ಹಸುವನ್ನು ಸತ್ತ ಹಸು ಅನ್ನುವುದಿಲ್ಲ.

ಮರುಭೂಮಿಯ ಕೆರೆಗಳನ್ನು ನೋಡಿದರೆ ಈ ಅರ್ಥ ಇನ್ನೂ ಗಟ್ಟಿಯಾಗುತ್ತದೆ. ಆಸ್ಟ್ರೇಲಿಯಾದ ಕಾಟಿ ತಂಡಾ–ಲೇಕ್ ಐರ್ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ತಗ್ಗಿನಲ್ಲಿದೆ. ಬಹುಪಾಲು ಕಾಲ ಉಪ್ಪಿನ ಬಯಲು. 1974ರಲ್ಲಿ ತುಂಬಿದ ಹಾಗೆ ತುಂಬುವುದು ತೀರಾ ಅಪರೂಪ. ದೂರದ ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಿದ ಮಳೆ ನದಿ ಹಿಡಿದು ಬಂದು ಮುಟ್ಟಿದಾಗ, ಮಣ್ಣಿನಲ್ಲಿ ವರ್ಷಗಟ್ಟಲೆ ಒಣಗಿ ಕೂತಿದ್ದ ಪುಟ್ಟ ಸೀಗಡಿಗಳ ಮೊಟ್ಟೆ ಒಡೆಯುತ್ತವೆ. ಅವನ್ನು ತಿನ್ನಲು ಉದ್ದಕಾಲಿನ ಹಕ್ಕಿಗಳು ಕರಾವಳಿಯಿಂದ ಹಾರಿಬಂದು ಅಲ್ಲೇ ಮರಿ ಮಾಡುತ್ತವೆ. ಮೊಟ್ಟೆಗಳೆಲ್ಲ ಒಂದೇ ಸಲ ಒಡೆಯುವುದೂ ಇಲ್ಲ. ಮೊದಲ ಮಳೆಗೆ ಬೀಜವನ್ನೆಲ್ಲ ಬಿತ್ತಿ ಕೈ ಖಾಲಿ ಮಾಡಿಕೊಳ್ಳದ ರೈತನ ಹಾಗೆ, ಒಂದಷ್ಟು ಮುಂದಿನ ನೆರೆಗೆ ಉಳಿದಿರುತ್ತವೆ.

ನೀರು ಎಷ್ಟು ದಿನ ನಿಲ್ಲುತ್ತದೆ, ಯಾವ ಕಾಲಕ್ಕೆ ಬರುತ್ತದೆ, ನಡುವೆ ಎಷ್ಟು ವರ್ಷ ಬತ್ತಿರುತ್ತದೆ ಎಂಬುದರ ಮೇಲೆ ಅಲ್ಲಿ ಯಾರು ಬದುಕಬೇಕೆಂಬುದು ತೀರ್ಮಾನವಾಗುತ್ತದೆ. ಬತ್ತಿದಾಗ ನೆಲಕ್ಕೆ ಗಾಳಿಯಾಡುತ್ತದೆ, ಕಸಕಡ್ಡಿ ಕೊಳೆತು ಗೊಬ್ಬರವಾಗುತ್ತದೆ, ದೊಡ್ಡ ಮೀನು ಉಳಿಯುವುದಿಲ್ಲ. ಇಂಥ ತಗ್ಗುಗಳಲ್ಲಿ ವರ್ಷವಿಡೀ ನೀರು ನಿಲ್ಲಿಸಿದರೆ ಮೀನು ನೆಲೆಯೂರಿ ಸೀಗಡಿಗಳನ್ನು ತಿಂದು ಮುಗಿಸುತ್ತವೆ. ಒಂದು ಸಲ ಒಣಗಿದ ಮೇಲೇ ಒಡೆಯುವ ಮೊಟ್ಟೆಗಳಿಗಂತೂ ಸರದಿಯೇ ಬರುವುದಿಲ್ಲ.

ನಮ್ಮ ಕೆರೆ ಮರುಭೂಮಿಯದ್ದಲ್ಲ ನಿಜ. ಆದರೂ ಹೋದ ವರ್ಷ ನಮ್ಮೂರ ಕೆರೆಯಲ್ಲಿ ಗೋಡು ತೆಗೆಯುವಾಗ ಗುದ್ದಲಿಗೆ ಸಿಕ್ಕ ಹೆಂಟೆ ಒಡೆದು ನೋಡಿದೆ. ಒಳಗೆ ನಿಂಬೆಹಣ್ಣಿನ ಗಾತ್ರದ ಬಸವನಹುಳು, ಚಿಪ್ಪಿನ ಬಾಯಿಗೆ ಬಿಗಿಯಾಗಿ ಮುಚ್ಚಳ ಎಳೆದುಕೊಂಡಿತ್ತು. ಸಂಜೆ ಬಕೆಟ್ ನೀರಿಗೆ ಹಾಕಿದ್ದು ಬೆಳಗ್ಗೆ ಗೋಡೆ ಹತ್ತುತ್ತಿತ್ತು.

ಬತ್ತಿದ್ದನ್ನು ಸತ್ತಿದೆ ಅನ್ನುವುದು ಒಂದು ತಪ್ಪು. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ನೀರು ಬರುವ ಕಾಲುವೆಗೆ ಮಣ್ಣು ತುಂಬಿ, ಅಂಗಳದಲ್ಲಿ ಸೈಟಿನ ಕಲ್ಲು ನೆಟ್ಟ ಕೆರೆಗೆ ‘ಬತ್ತಿದ ಕೆರೆ’ ಅಂತ ಬರೆಯುತ್ತಾರೆ. ತಾನಾಗಿ ಬತ್ತಿದ ಹಾಗೆ! ಅಂಥದ್ದಕ್ಕೆ ‘ಮುಚ್ಚಿದ ಕೆರೆ’ ಅಂತಲೇ ಬರೆಯಬೇಕು.