ಲೂಸ್ ಟೆನನ್: ಪ್ಯಾಕೆಟ್ ತರಿಸಬೇಕೋ, ತುಕಡಿಯಲ್ಲೇ ಮಾಡ್ಕೋಬೇಕೋ?

ಓದುಗರ ಪ್ರಶ್ನೆ: ಸೇಡಂ ಕಡೆ ನಮ್ಮದೊಂದು ಸಣ್ಣ ಬಡಿಗತನದ ಅಂಗಡಿ ಅದರಿ. ಕಪಾಟಿನ ಬಾಗಿಲು, ಮುಂಬಾಗಿಲು ಎಲ್ಲಾ ಮಾಡ್ತೀವಿ. ಈಗೀಗ ಎಲ್ಲಾರೂ ಲೂಸ್ ಟೆನನ್ ಹಾಕ್ರಿ, ಕೆಲಸ ಲಗೂ ಆಗ್ತದ ಅಂತಾರ. ಆನ್‌ಲೈನ್‌ನಾಗ ರೆಡಿಮೇಡ್ ಪ್ಯಾಕೆಟ್ ಸಿಗ್ತಾವ. ಸಾಗವಾನಿ ತುಕಡಿ ನಮ್ಮಲ್ಲಿ ಬೇಕಾದಷ್ಟು ಬಿದ್ದಾವ. ಕೊಳ್ಳೋದು ಛಲೋನೋ, ಮಾಡ್ಕೊಳ್ಳೋದು ಛಲೋನೋ?

ಉತ್ತರ: ನಿಮ್ಮಲ್ಲಿ ಟೆನನ್ ಕೂರುವ ಕಂಡಿ ಕೊರೆಯುವ ಡೊಮಿನೊ ಮಷೀನು ಇದ್ದು, ಕೆಲಸ ಮನೆಯೊಳಗಿನ ಕಪಾಟು-ಮೇಜಿನದಾದರೆ ಕೊಳ್ಳಿ. ಉಳಿದಂತೆ ಮಾಡಿಕೊಳ್ಳುವುದೇ ಸರಿ. ಮುಂಬಾಗಿಲಿಗಂತೂ ಬೀಚ್ ಮರದ ರೆಡಿಮೇಡ್ ಟೆನನ್ ಬೇಡವೇ ಬೇಡ.

ಮಾಮೂಲಿ ಜೋಡಣೆಯಲ್ಲಿ ಅಡ್ಡಪಟ್ಟಿಯ ತುದಿಯನ್ನೇ ಕೆತ್ತಿ, ನಿಂತಪಟ್ಟಿಯ ಕಂಡಿಯೊಳಗೆ ಕೂರುವ ನಾಲಿಗೆ, ಅಂದರೆ ಟೆನನ್ ತೆಗೆಯುತ್ತೇವೆ; ಹಿಂದಿ ಮಾತಾಡುವ ಕಾರೀಗರರು ಇದನ್ನೇ ಚೂಲ್ ಅನ್ನುತ್ತಾರೆ. ಲೂಸ್ ಟೆನನ್‌ನಲ್ಲಿ ಎರಡೂ ಪಟ್ಟಿಗಳಿಗೆ ಕಂಡಿ ಕೊರೆದು, ನಡುವೆ ಬೇರೆ ತುಂಡು ಕೂರಿಸುತ್ತೇವೆ. ಅಡ್ಡಪಟ್ಟಿಯನ್ನು ನೇರ ಕತ್ತರಿಸಿದರೆ ಸಾಕು, ಟೆನನ್ ಬುಡದ ಹೆಗಲು ಕೆತ್ತುವ ಕೆಲಸ ತಪ್ಪುತ್ತದೆ. ಅಷ್ಟೇ ಲಾಭ. ಗಟ್ಟಿತನವೆಲ್ಲ ತುಂಡು ಎಷ್ಟು ಒಣಗಿದೆ, ಎಷ್ಟು ಬಿಗಿ ಕೂತಿದೆ ಅನ್ನುವುದರ ಮೇಲೆ.

ಪ್ಯಾಕೆಟ್ ಬೇಡ ಅನ್ನಲು ಮೊದಲ ಕಾರಣ ಅಳತೆ. ಫೆಸ್ಟೂಲ್ ಕಂಪನಿಯ ಡೊಮಿನೊ ಡಿಎಫ್ 500 ಮಷೀನಿಗೆ ಬರುವ ಟೆನನ್ 4 ಮಿ.ಮೀ. ದಪ್ಪದಿಂದ ಶುರುವಾಗಿ 10 × 50 ಮಿ.ಮೀ.ಗೆ ಮುಗಿಯುತ್ತದೆ. 50 ಮಿ.ಮೀ. ಉದ್ದವೆಂದರೆ ಒಂದೊಂದು ಪಟ್ಟಿಯೊಳಗೆ ಬರೀ 25 ಮಿ.ಮೀ. ಕಪಾಟಿಗೆ ಸಾಕು, ಭಾರದ ಮುಂಬಾಗಿಲಿಗೆ ಸಾಲದು. ದೊಡ್ಡ ಡಿಎಫ್ 700ಕ್ಕೆ 14 × 140ರವರೆಗೂ ಇದೆ, ಆದರೆ ಆ ಮಷೀನೇ ಬೇಕು. ಈ ಟೆನನ್‌ಗಳ ಅಗಲ ಅದೇ ಮಷೀನಿನ ಕಂಡಿಗೆ ಹೊಂದುವಂಥದ್ದು. ಟ್ರಿಮ್ಮರಿನಲ್ಲೋ (ಕೈಯಲ್ಲಿ ಹಿಡಿದು ಮರ ಕೊರೆಯುವ ಸಣ್ಣ ಮಷೀನು) ಉಳಿಯಲ್ಲೋ ಕಂಡಿ ಹೊಡೆಯುವವರು ಇವನ್ನು ಕೊಂಡರೆ, ತುಂಡಿಗೆ ತಕ್ಕಂತೆ ಕಂಡಿ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯದು ಮರ. ಸಾಮಾನ್ಯ ಪ್ಯಾಕೆಟ್ಟಿನಲ್ಲಿ ಇರುವುದು ಬೀಚ್. ಅದು ಗಟ್ಟಿ ಮರವೇ, ಆದರೆ ನೀರು-ಗೆದ್ದಲಿಗೆ ತಡೆಯುವುದಿಲ್ಲ. ಗಾಳಿಯ ತೇವವನ್ನೂ ಬೇಗ ಹೀರುತ್ತದೆ. ಆಗಸ್ಟಿನಲ್ಲಿ ಪ್ಯಾಕೆಟ್ ಒಡೆದಿಟ್ಟರೆ ವಾರದಲ್ಲಿ ಉಬ್ಬಿ ಕಂಡಿಗೆ ಇಳಿಯುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಉಬ್ಬಿದ್ದರೆ ಬಿಸಿಲಿನಲ್ಲಿ ತಗಡಿನ ಮೇಲೆ ಹರವಿ. ಬಿಸಿಲಿಗೆ ನಮ್ಮಲ್ಲೇನು ಬರವೇ!

ಇನ್ನು ಮಾಡಿಕೊಳ್ಳುವುದು. ಟೆನನ್ ದಪ್ಪ ಬಾಗಿಲ ಪಟ್ಟಿಯ ದಪ್ಪದಲ್ಲಿ ಮೂರನೇ ಒಂದು ಭಾಗ. 25 ಮಿ.ಮೀ. ಕಪಾಟಿನ ಬಾಗಿಲಿಗೆ 8, 35 ಮಿ.ಮೀ. ಮುಂಬಾಗಿಲಿಗೆ 12. ಕಪಾಟಿಗೆ ಕಂಡಿಯ ಆಳ ಎರಡೂ ಕಡೆ 30 ಇರಲಿ, ಟೆನನ್ 57ರಿಂದ 58. ಆ ಎರಡು-ಮೂರು ಮಿ.ಮೀ. ಅಂಟು ನಿಲ್ಲಲು. ಅದನ್ನು ಬಿಡದಿದ್ದರೆ ತುಂಡು ತಳ ಮುಟ್ಟಿ ಜೋಡು ಬಾಯಿ ಬಿಡುತ್ತದೆ, ಶಿಕಂಜಾ ಎಷ್ಟು ಬಿಗಿದರೂ ಮುಚ್ಚುವುದಿಲ್ಲ. ಮುಂಬಾಗಿಲಿಗೆ ಒಂದೊಂದು ಕಡೆ 55ರಿಂದ 60 ಆಳ ಬೇಕು.

ತುಂಡುಗಳನ್ನು ಒಂದೊಂದಾಗಿ ಮಾಡಲು ಹೋಗಬೇಡಿ, ಬೆರಳಿಗೆ ಅಪಾಯ. ಒಂದು ಮೀಟರ್ ಉದ್ದದ ಪಟ್ಟಿ ತೆಗೆದುಕೊಳ್ಳಿ. ಮರದ ಎಳೆ ಉದ್ದಕ್ಕೆ ನೇರ ಓಡಿರಬೇಕು. ಗಂಟು ಇದ್ದದ್ದನ್ನು, ಎಳೆ ಓರೆಯಾದದ್ದನ್ನು ಒಲೆಗೆ ಹಾಕಿ. 8ರ ಟೆನನ್‌ಗೆ 9 ಮಿ.ಮೀ. ದಪ್ಪ ಸೀಳಿ ಒಂದು ಮಿ.ಮೀ. ಹತ್ತರಿಗೆ ಬಿಡಿ. ಹತ್ತರಿ ಹೊಡೆಯಲು ಒಂದು ಉಪಾಯ: ನೇರವಾದ ಹಲಗೆಯ ಮೇಲೆ ಸರಿಯಾಗಿ 8 ಮಿ.ಮೀ. ದಪ್ಪದ ಎರಡು ಪಟ್ಟಿಗಳನ್ನು ಹತ್ತರಿಯ ಅಡಿಗೆ ಆಧಾರವಾಗುವ ಅಂತರದಲ್ಲಿ ಜಡಿಯಿರಿ. ಅಲಗಿನ ಅಗಲಕ್ಕಿಂತ ಆ ಅಂತರ ಸ್ವಲ್ಪ ಹೆಚ್ಚಿರಲಿ, ಇಲ್ಲದಿದ್ದರೆ ಆಧಾರದ ಪಟ್ಟಿಯೇ ಸವೆಯುತ್ತದೆ. ನಡುವೆ ನಿಮ್ಮ ಪಟ್ಟಿ ಇಟ್ಟು ಹೊಡೆಯಿರಿ. ಹತ್ತರಿ ಎರಡೂ ಬದಿಯ ಪಟ್ಟಿ ಮೇಲೆ ಜಾರಿ ಸಿಪ್ಪೆ ಬರುವುದು ನಿಂತಿತೋ, ದಪ್ಪ ಬಂತು ಅಂತಲೇ. ವರ್ನಿಯರ್ ಅಳತೆಗೋಲಿನಲ್ಲಿ ಮೂರು ಕಡೆ ದಪ್ಪ ನೋಡಿ, ಕಂಡಿಗಿಂತ 0.1 ಮಿ.ಮೀ. ಕಡಿಮೆ ಇದ್ದರೆ ಒಪ್ಪಿತು. ಅಂಟಿಲ್ಲದೆ ಬೆರಳಿನಿಂದ ಒತ್ತಿದರೆ ಇಳಿಯಬೇಕು, ಪಟ್ಟಿ ತಲೆಕೆಳಗು ಮಾಡಿದರೆ ಬೀಳಬಾರದು. ಕೊಡತಿಯಿಂದ ಬಡಿದು ಕೂರಿಸುವಷ್ಟು ಬಿಗಿಯಾದರೆ ಅಂಟೆಲ್ಲ ಒರಸಿಹೋಗುತ್ತದೆ, ಒಳಗೆ ಸಿಕ್ಕಿದ ಅಂಟಿನ ಒತ್ತಡಕ್ಕೆ ಕಂಡಿಯ ಗೋಡೆಯೇ ಸೀಳಬಹುದು.

ಟ್ರಿಮ್ಮರಿನ ಬಿಟ್‌ನಲ್ಲಿ (ತಿರುಗುವ ಅಲಗು) ಹೊಡೆದ ಕಂಡಿಯ ತುದಿ ದುಂಡಗಿರುತ್ತದೆ ಅಂತ ಟೆನನ್ ಅಂಚನ್ನೂ ದುಂಡಗೆ ಮಾಡಲು ಅರ್ಧ ದಿನ ಕಳೆಯುವವರಿದ್ದಾರೆ. ಬೇಕಿಲ್ಲ. ಹಿಡಿಯುವುದು ಎರಡು ಅಗಲ ಮುಖಗಳು, ಅಂಚಲ್ಲ. ಮೂಲೆಗಳನ್ನು ಹತ್ತರಿಯಿಂದ ಓರೆಯಾಗಿ ತೆಗೆದು, ಅಗಲದಲ್ಲಿ ಒಂದು ಮಿ.ಮೀ. ಕಡಿಮೆ ಮಾಡಿದರೆ ಜೋಡಿಸುವಾಗ ಮೇಲೆ-ಕೆಳಗೆ ಸರಿಸಲೂ ಎಡೆ ಸಿಗುತ್ತದೆ. ಮುಖದ ಮೇಲೆ ಗರಗಸದ ಹಲ್ಲಿನಿಂದ ಉದ್ದಕ್ಕೆ ಎರಡು ಗೀರು ಎಳೆಯಿರಿ, ಹೆಚ್ಚಾದ ಅಂಟು ಅದರಲ್ಲಿ ಹೊರಬರುತ್ತದೆ. ಕೊನೆಗೆ ತುಂಡು ಕತ್ತರಿಸಿ. 58ರ ತುಂಡು, ಗರಗಸದ ಬಾಯಿ 3 ಎಂದರೆ ಒಂದು ಮೀಟರಿಗೆ 16 ಟೆನನ್. ಜೋಡಿಗೊಂದರಂತೆ ಹಾಕಿದರೆ ನಾಲ್ಕು ಬಾಗಿಲಿಗೆ ಆಯಿತು.

ಕಂಡಿ ಕೊರೆಯುವಾಗ ಎಲ್ಲ ಪಟ್ಟಿಗಳ ಮುಂಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಟ್ರಿಮ್ಮರಿನ ಗೈಡನ್ನು ಯಾವಾಗಲೂ ಆ ಮುಖಕ್ಕೇ ತಾಗಿಸಿ. ಗೈಡ್ ನಡುವಿನಿಂದ ಅರ್ಧ ಮಿ.ಮೀ. ತಪ್ಪಿದ್ದು, ಒಂದು ಪಟ್ಟಿಯನ್ನು ಮುಂದಿನಿಂದ ಇನ್ನೊಂದನ್ನು ಹಿಂದಿನಿಂದ ಕೊರೆದರೆ ಜೋಡಿನಲ್ಲಿ ಒಂದು ಮಿ.ಮೀ. ಮೆಟ್ಟಿಲು ಬೀಳುತ್ತದೆ. ಬಿಟ್ಟನ್ನು ಒಂದೇ ಸಲಕ್ಕೆ ಇಳಿಸದೆ 5 ಮಿ.ಮೀ.ನಂತೆ ಇಳಿಸಿ. ಮುಂಬಾಗಿಲಿನ 12ರ ಆಳ ಕಂಡಿಗೆ ಸಣ್ಣ ಟ್ರಿಮ್ಮರ್ ಆಗದು, ಡ್ರಿಲ್ ಹೊಡೆದು ಉಳಿಯಲ್ಲಿ ಸರಿಮಾಡಿ.

ಸಾಗವಾನಿ ತುಕಡಿ ಒಳ್ಳೆಯದೇ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಹತ್ತರಿ ಹೊಡೆದ ದಿನವೇ ಅಂಟು ಹಾಕಿ. ಇಲ್ಲವಾದರೆ ಥಿನ್ನರ್ ಬಟ್ಟೆಯಿಂದ ಒರೆಸಿ ಆರಿಸಿ. ಬಂಡಿಯ ಗಾಲಿಗೆ ಬಳಸುವ ಜಾಲಿಯೂ ಆದೀತು, ಪೂರ್ತಿ ಒಣಗಿದ್ದರೆ. ಪ್ಲೈವುಡ್ ಬೇಡ: ಅದರ ಪದರಗಳಲ್ಲಿ ಅರ್ಧದಷ್ಟು ಅಡ್ಡ ಎಳೆಯವು, ಬಾಗಿಲು ಜೋತಾಗ ಅವು ಭಾರ ಹೊರುವುದಿಲ್ಲ.

ನಮ್ಮ ಭಾಗದಲ್ಲಿ ಜೋಡು ಸಡಿಲವಾಗಲು ಮುಖ್ಯ ಕಾರಣ ಹವೆ. ಗಾಳಿಯ ತೇವ ಶೇ 80 ಇದ್ದರೆ ಮರದ ತೇವ ಶೇ 16ರ ಹತ್ತಿರ ನಿಲ್ಲುತ್ತದೆ, ಶೇ 30 ಇದ್ದರೆ 6ಕ್ಕೆ ಇಳಿಯುತ್ತದೆ. ಸಾಗವಾನಿಯ ತೇವ ಶೇ 1 ಇಳಿದರೆ ಅಡ್ಡಕ್ಕೆ ಶೇ 0.2ರವರೆಗೆ ಕುಗ್ಗುತ್ತದೆ. ಅಂದರೆ ಮಳೆಗಾಲದ 12 ಮಿ.ಮೀ. ಟೆನನ್ ಮೇ ತಿಂಗಳ ಹೊತ್ತಿಗೆ 0.2ಕ್ಕೂ ಹೆಚ್ಚು ಸವೆದಂತಾಗಬಹುದು. ನಾವು ಬಿಡುವ ಸಡಿಲವೇ 0.1! ಬಾಗಿಲ ಪಟ್ಟಿಯೂ ಜೊತೆಗೇ ಕುಗ್ಗಿದರೆ ಕಂಡಿಯೂ ಕುಗ್ಗುತ್ತದೆ, ತೊಂದರೆ ಇಲ್ಲ. ಒಂದು ಹಸಿ, ಒಂದು ಒಣ ಆದಾಗಲೇ ಕೆಡುವುದು. ಹಾಗಾಗಿ ಪಟ್ಟಿ, ಟೆನನ್ ಎರಡನ್ನೂ ಒಂದೇ ಕೋಣೆಯಲ್ಲಿ ಹದಿನೈದು ದಿನ ಇಡಿ. ತೇವದ ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ದಿನಾ ತಕ್ಕಡಿಗೆ ಹಾಕಿ. ನಾಲ್ಕು ದಿನ ತೂಕ ಬದಲಾಗದಿದ್ದರೆ ತಯಾರು.

ಅಂಟು ಕಂಡಿಯ ಎರಡೂ ಗೋಡೆಗೆ ಪೂರ್ತಿ, ಟೆನನ್‌ಗೆ ತೆಳ್ಳಗೆ. ಹೊರಬಾಗಿಲಿಗೆ ಫೆವಿಕಾಲ್ ಮರೈನ್‌ನಂಥ ನೀರು ತಡೆಯುವುದನ್ನೇ ಬಳಸಿ. ಬೇಸಿಗೆ ಮಧ್ಯಾಹ್ನ ಅಂಟು ಬೇಗ ಪೊರೆ ಕಟ್ಟುವುದರಿಂದ ಬೆಳಿಗ್ಗೆಯೇ ಜೋಡಿಸಿ, ಶಿಕಂಜಾ ಮರುದಿನ ಬಿಚ್ಚಿ. ಮುಂಬಾಗಿಲಿಗೆ ಬಿದಿರಿನ ಗೂಟ ಹೊಡೆಯುವುದಾದರೆ ನೆನಪಿಡಿ, ಟೆನನ್ ಎರಡೂ ಕಡೆ ಬಿಡಿಯೇ. ಗೂಟ ನಿಂತಪಟ್ಟಿಗೂ ಬೇಕು, ಅಡ್ಡಪಟ್ಟಿಗೂ ಬೇಕು.