ನೀರಿನಲ್ಲಿ ಕರಗಿದ್ದು ನೂಲಾಗುವ ಬಗೆ

ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವಾಗ ಅದರ ಮೈಯೊಳಗೆ ನೂಲಿನ ಸುರುಳಿ ಇರುವುದಿಲ್ಲ. ಮಡಚಿಕೊಂಡ ಎರಡು ಉದ್ದನೆಯ ಗ್ರಂಥಿಗಳಲ್ಲಿ ಜೇನಿನಷ್ಟು ಮಂದವಾದ ದ್ರವ ತುಂಬಿರುತ್ತದೆ. ಅದು ನೀರಿನಲ್ಲಿ ಕರಗಿದ ಫೈಬ್ರೊಯಿನ್ ಎಂಬ ಪ್ರೋಟೀನು. ಹುಳು ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ಎಳೆದಂತೆಲ್ಲ ಎರಡೂ ಗ್ರಂಥಿಗಳ ಎಳೆಗಳು ಸೆರಿಸಿನ್ ಎಂಬ ಅಂಟಿನಿಂದ ಕೂಡಿಕೊಂಡು ಹೊರಬರುತ್ತವೆ. ನೂಲು ಬಿಚ್ಚಲು ಗೂಡನ್ನು ಕುದಿನೀರಿಗೆ ಹಾಕಿದರೆ ಈ ಅಂಟು ಸಡಿಲಗೊಳ್ಳುತ್ತದೆ, ಎಳೆ ಮಾತ್ರ ಕರಗುವುದಿಲ್ಲ. ನೀರಿನಲ್ಲೇ ಕರಗಿದ್ದ ವಸ್ತುವಿಗೆ ಇದು ಹೇಗೆ ಸಾಧ್ಯವಾಯಿತು?

ಉತ್ತರ ಹೆಚ್ಚು ಸ್ಪಷ್ಟವಾಗಿ ಸಿಕ್ಕಿರುವುದು ಜೇಡದಲ್ಲಿ. ದುಂಡುಬಲೆ ಹೆಣೆಯುವ ಜೇಡದಲ್ಲಿ ಏಳು ಬಗೆಯವರೆಗೆ ರೇಷ್ಮೆಗ್ರಂಥಿಗಳಿರುತ್ತವೆ. ಜೇಡ ತೂಗಾಡುವ ಗಟ್ಟಿ ಎಳೆಯ ಗ್ರಂಥಿಯಿಂದ ಹೊರಡುವ ನಾಳ ಬರಬರುತ್ತ ಕಿರಿದಾಗುತ್ತದೆ. ಆ ದಾರಿಯಲ್ಲಿ ದ್ರವದ ಪಿಎಚ್ ಸುಮಾರು 7.6ರಿಂದ 5.7ಕ್ಕೆ ಇಳಿಯುತ್ತದೆ, ಅಂದರೆ ಆಮ್ಲೀಯತೆ ಏರುತ್ತದೆ. ಆಗ ಪ್ರೋಟೀನುಗಳ ತುದಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಜೇಡ ಎಳೆದ ಸೆಳೆತಕ್ಕೆ ಪ್ರೋಟೀನಿನ ಸರಪಳಿಗಳು ನೆಟ್ಟಗಾಗಿ ಒತ್ತಾಗಿ ಕೂರುತ್ತವೆ, ನೀರು ಹೊರಗುಳಿಯುತ್ತದೆ. ಅಲನಿನ್ ಎಂಬ ಅಮೈನೊ ಆಮ್ಲ ಹೆಚ್ಚಿರುವ ಭಾಗಗಳು ಪುಟ್ಟ ಹರಳುಗಳಾಗಿ ಎಳೆಗೆ ಬಲ ಕೊಟ್ಟರೆ, ಗ್ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಹೆಚ್ಚಿರುವ ಭಾಗಗಳು ಹಿಗ್ಗುವ ಗುಣ ಕೊಡುತ್ತವೆ. ಇಷ್ಟೆಲ್ಲ ನಡೆಯುವುದು ಸುತ್ತಲಿನ ಗಾಳಿಯ ಸಹಜ ತಾಪದಲ್ಲಿ!

1935ರಲ್ಲಿ ಡುಪಾಂಟ್ ಕಂಪನಿಯ ವಾಲೇಸ್ ಕರೋಥರ್ಸ್ ತಂಡ ನೈಲಾನನ್ನು ಸೃಷ್ಟಿಸಿತು. ರೇಷ್ಮೆಯ ಸರಪಳಿಗಳಲ್ಲಿರುವಂತೆಯೇ ಅದರಲ್ಲೂ ಅಮೈಡ್ ಎಂಬ ರಾಸಾಯನಿಕ ಬಂಧಗಳಿವೆ. ಎಳೆದು ಸರಪಳಿಗಳನ್ನು ನೆಟ್ಟಗಾಗಿಸಿದರೇ ಅದಕ್ಕೂ ಬಲ. ಅದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ನೂಲಲು ಅದನ್ನು 260 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಕರಗಿಸಬೇಕು. 1965ರಲ್ಲಿ ಅದೇ ಕಂಪನಿಯ ಸ್ಟೆಫನಿ ಕ್ವೊಲೆಕ್ ಅವರ ಶೋಧದಿಂದ ಬಂದ, ಗುಂಡುನಿರೋಧಕ ಕವಚಗಳಲ್ಲಿ ಬಳಸುವ ಕೆವ್ಲಾರ್ ನೂಲಿಗೆ ಅದರ ವಸ್ತುವನ್ನು ಕರಗಿಸಲು ಪ್ರಬಲ ಗಂಧಕಾಮ್ಲವೇ ಬೇಕು. ವಸ್ತುವನ್ನು ಅನುಕರಿಸಿದೆವು, ನಾಳವನ್ನಲ್ಲ. ನನಗೆ ಮುಖ್ಯವೆನಿಸುವ ವ್ಯತ್ಯಾಸ ಇದು.

ಜೇಡಗಳನ್ನು ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ. ಹಾಗಾಗಿ ವಿಜ್ಞಾನಿಗಳು ಅವುಗಳ ವಂಶವಾಹಿಯನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ ಪ್ರೋಟೀನು ಪಡೆದರು. ಅದನ್ನು ಕರಗಿಸಲು ಬಹುಕಾಲ ಕಟುವಾದ ದ್ರಾವಕಗಳನ್ನೇ ಬಳಸಬೇಕಾಯಿತು. 2017ರಲ್ಲಿ ಸ್ವೀಡನ್ನಿನ ಅನ್ನಾ ರೈಸಿಂಗ್ ಮತ್ತು ಯಾನ್ ಯೋಹಾನ್ಸನ್ ಅವರ ತಂಡ ನೀರಿನಲ್ಲಿ ಚೆನ್ನಾಗಿ ಕರಗುವ ಪ್ರೋಟೀನನ್ನು ರೂಪಿಸಿ, ಕಿರಿದಾದ ಗಾಜಿನ ನಳಿಕೆಯಿಂದ ಆಮ್ಲೀಯ ದ್ರವಕ್ಕೆ ಹರಿಸಿ, ಕಿಲೋಮೀಟರ್ ಉದ್ದದ ಎಳೆ ತೆಗೆಯಿತು. ಬಲದಲ್ಲಿ ಅದು ಜೇಡದ ಎಳೆಗೆ ಸಮನಾಗಲಿಲ್ಲ, ಆದರೆ ನೂಲಿದ್ದು ಜೇಡದ ದಾರಿಯಲ್ಲೇ.