ಫಿಜಿಯಲ್ಲಿ ಪದೇ ಪದೇ ದಂಗೆ ಆಗಿದ್ದು ಭಾರತೀಯರ ಮೇಲಿನ ಸಿಟ್ಟಿಗಾ?

ಓದುಗರ ಪ್ರಶ್ನೆ: "ಫಿಜಿಯಲ್ಲಿ ನಾಲ್ಕು ಸಲ ದಂಗೆ ಆಯ್ತಲ್ಲ, ಭಾರತೀಯರು ಅಧಿಕಾರಕ್ಕೆ ಬಂದರು ಅನ್ನೋ ಸಿಟ್ಟೇ ಅದಕ್ಕೆ ಕಾರಣ ತಾನೆ?"

ಅಷ್ಟೇ ಅಲ್ಲ. ಪೆಸಿಫಿಕ್ ಸಾಗರದ ಈ ದ್ವೀಪ ದೇಶದಲ್ಲಿ ಆಗಿದ್ದು ಸರ್ಕಾರ ಉರುಳಿಸೋ ದಂಗೆಗಳು, ಕುರ್ಚಿಯಿಂದ ಇಳಿಸಿದ್ದು ಯಾರನ್ನ ಅಂತ ನೋಡಿ. 1987ರ ಮೇ 14ಕ್ಕೆ ಸೇನಾಧಿಕಾರಿ ಸಿಟಿವೇನಿ ರಬೂಕ ಸೈನಿಕರ ಜೊತೆ ಸಂಸತ್ತಿಗೆ ನುಗ್ಗಿದಾಗ ಪ್ರಧಾನಿಯಾಗಿದ್ದ ಟಿಮೊಸಿ ಬವಾದ್ರ ಮೂಲ ಫಿಜಿಯವರೇ, ಅವರ ಹಿಂದಿದ್ದ ಸಂಸದರಲ್ಲಿ ಮಾತ್ರ ಭಾರತೀಯ ಮೂಲದವರು ಜಾಸ್ತಿ ಇದ್ದರು. ಸರ್ಕಾರ ಬಂದು ಒಂದು ತಿಂಗಳಷ್ಟೇ ಆಗಿತ್ತು. ಅದೇ ಸೆಪ್ಟೆಂಬರಿನಲ್ಲಿ ರಬೂಕ ಇನ್ನೊಮ್ಮೆ ದಂಗೆ ಎದ್ದರು. 2006ರಲ್ಲಿ ಇಳಿದ ಪ್ರಧಾನಿ ಕರಾಸೆ, ಇಳಿಸಿದ ಸೇನಾ ಮುಖ್ಯಸ್ಥ ಬೈನಿಮರಾಮ, ಇಬ್ಬರೂ ಮೂಲ ಫಿಜಿಯವರು. ಭಾರತೀಯ ಮೂಲದ ಪ್ರಧಾನಿಯನ್ನು ಬೀಳಿಸಿದ್ದು 2000ದಲ್ಲಿ ಮಾತ್ರ. ಆಗ ಉದ್ಯಮಿ ಜಾರ್ಜ್ ಸ್ಪೇಟ್ ಗುಂಪು ಮಹೇಂದ್ರ ಚೌಧರಿಯವರನ್ನು 56 ದಿನ ಸಂಸತ್ತಿನೊಳಗೇ ಒತ್ತೆ ಇಟ್ಟುಕೊಂಡಿತ್ತು, ರಾಜಧಾನಿ ಸುವಾದಲ್ಲಿ ಅಂಗಡಿಗಳನ್ನು ದೋಚಿ ಸುಟ್ಟರು.

ಸಿಟ್ಟು ಸುಳ್ಳಲ್ಲ, ನಿಜ. ಆದರೆ ಅದರ ಬೇರು ಇರೋದು ಜಮೀನಿನಲ್ಲಿ.

ಬ್ರಿಟಿಷರು 1879ರಿಂದ 1916ರ ತನಕ 60,000ಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆ ಕರೆತಂದರು. ಅಗ್ರಿಮೆಂಟ್ ಅನ್ನೋದು ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ಗಿರ್ಮಿಟ್ ಮುಗಿದ ಮೇಲೂ ಬಹಳ ಜನ ಅಲ್ಲೇ ಉಳಿದು ಕಬ್ಬು ಬೆಳೆದರು. ಜಮೀನು ಅವರದ್ದಲ್ಲ. ದೇಶದ ನೆಲದಲ್ಲಿ 100ಕ್ಕೆ 80ಕ್ಕೂ ಜಾಸ್ತಿ ಪಾಲು ಮೂಲ ಫಿಜಿಯನ್ನರ ಕುಲಗಳದ್ದು, ಅದನ್ನು ಮಾರೋ ಹಾಗಿಲ್ಲ, ಗುತ್ತಿಗೆಗೆ ಕೊಡಬಹುದು ಅಷ್ಟೆ. ಭಾರತೀಯರ ಬೆಂಬಲದ ಸರ್ಕಾರ ಬಂದರೆ ನೆಲ ಕೈತಪ್ಪುತ್ತೆ ಅನ್ನೋ ಮೂಲ ಫಿಜಿಯವರ ಭಯವೂ ಅರ್ಥ ಆಗುವಂಥದ್ದೇ. ನೆಲ ಹೋದರೆ ಕುಲವೇ ಹೋಯಿತು ಅಂತ ನಂಬಿದ ಜನ ಅವರು.

1976ರ ಕಾನೂನಿನಲ್ಲಿ ಗುತ್ತಿಗೆಗೆ 30 ವರ್ಷ ಸಿಕ್ಕಿತು, ಅದಕ್ಕೂ ಮೊದಲೇ ಶುರುವಾಗಿದ್ದ ಗುತ್ತಿಗೆಗಳು 1997ರಿಂದ ಒಂದೊಂದಾಗಿ ಮುಗಿಯುತ್ತಾ ಬಂದವು. ಈಗ ಆ ರೈತನ ಜಾಗದಲ್ಲಿ ನಿಂತು ನೋಡಿ. ಇನ್ನು ಎರಡು ವರ್ಷಕ್ಕೆ ಗುತ್ತಿಗೆ ಮುಗಿಯುತ್ತೆ, ಆಮೇಲೆ ಮುಂದುವರಿಸ್ತಾರೋ ಇಲ್ವೋ ಗೊತ್ತಿಲ್ಲ ಅಂದರೆ ಯಾರು ತಾನೆ ಸಾಲ ಮಾಡಿ ಹೊಸ ಬಿತ್ತನೆ ಹಾಕ್ತಾರೆ? ಹಳೇ ಕೂಳೆಯನ್ನೇ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬನ್ನೇ, ವರ್ಷ ವರ್ಷ ಕಟಾವು ಮಾಡ್ತಾರೆ. ಕೂಳೆ ಹಳೆಯದಾದಷ್ಟೂ ಇಳುವರಿ ಇಳಿಯುತ್ತೆ. ಕೊನೆಗೆ ಗುತ್ತಿಗೆ ಹೋದರೆ ಆ ನೆಲದಲ್ಲೇ ಕಟ್ಟಿಕೊಂಡ ಮನೆಯನ್ನೂ ಬಿಟ್ಟು ಹೊರಡಬೇಕು. ಹಾಗೆ ಬಿಟ್ಟು ಬಂದ ಎಷ್ಟೋ ಹೊಲಗಳಲ್ಲಿ ಹುಲ್ಲು ಬೆಳೆಯಿತು, ಜಮೀನಿನ ಕುಲದವರಿಗೂ ಬಾಡಿಗೆ ತಪ್ಪಿತು. 1990ರ ದಶಕದಲ್ಲಿ ವರ್ಷಕ್ಕೆ 5 ಲಕ್ಷ ಟನ್ ಮುಟ್ಟಿದ್ದ ಸಕ್ಕರೆ ಆಮೇಲೆ 2 ಲಕ್ಷಕ್ಕಿಂತ ಕೆಳಗೆ ಬಿತ್ತು. ಯುರೋಪ್ ಕೊಡುತ್ತಿದ್ದ ಒಳ್ಳೆ ರೇಟು ನಿಂತಿದ್ದೂ ಇದಕ್ಕೆ ಸೇರಿಕೊಂಡಿತು.

ದಂಗೆಗಳು ಈ ಗಾಯಕ್ಕೆ ಉಪ್ಪು ಸುರಿದವು. 1987ರಲ್ಲೂ 2009ರಲ್ಲೂ ಫಿಜಿ ಡಾಲರಿನ ಬೆಲೆ ಇಳಿಸಬೇಕಾಯಿತು. ಓದಿದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಅಂತ ಹೊರಟರು. 1987ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟಿದ್ದ ಭಾರತೀಯ ಮೂಲದವರು 2007ರ ಜನಗಣತಿಯಲ್ಲಿ ಶೇ. 37ರ ಆಸುಪಾಸಿಗೆ ಇಳಿದಿದ್ದರು. ಇಷ್ಟು ಜನ ಊರು ಬಿಟ್ಟಿದ್ದು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ.

ಅದೇ ರಬೂಕ 2022ರಲ್ಲಿ ಚುನಾವಣೆ ಮೂಲಕ ಪ್ರಧಾನಿಯಾದರು. 2023ರ ಮೇನಲ್ಲಿ, ಗಿರ್ಮಿಟ್ ದಿನದ ಸಮಯದಲ್ಲಿ, 1987ರ ತಪ್ಪಿಗೆ ಎಲ್ಲರೆದುರು ಕ್ಷಮೆ ಕೇಳಿದರು. ಗಿರ್ಮಿಟ್ಟಿನವರ ಮೊದಲ ಹಡಗು ಲಿಯೊನಿಡಾಸ್ ಫಿಜಿ ಮುಟ್ಟಿದ್ದೂ ಒಂದು ಮೇ 14ರಂದೇ, 1879ರಲ್ಲಿ.